ಸೂರಿನ ದೋಣಿ

ಬಾಗಿಲಿಗೆ ತೋರಣವುಂಟು, ಹೊಸ್ತಿಲಿಗೆ ಅರಿಸಿನ ಕುಂಕುಮವುಂಟು, ಒಲೆಗೆ ಹಬ್ಬದ ದಿನ ರಂಗೋಲಿಯುಂಟು. ಮನೆಯ ಒಂದೊಂದು ಭಾಗಕ್ಕೂ ನಮ್ಮ ಹಿರಿಯರು ಒಂದೊಂದು ಬಗೆಯ ಮರ್ಯಾದೆಯನ್ನು ಗೊತ್ತುಮಾಡಿದ್ದಾರೆ. ಸೂರಿನ ಅಂಚಿನಲ್ಲಿ ತೂಗಿಕೊಂಡು, ಮಾಡಿನ ಮೇಲೆ ಬಿದ್ದ ಮಳೆಯನ್ನೆಲ್ಲ ಹಿಡಿದು ಒಂದು ಮೂಲೆಗೆ ಸಾಗಿಸುವ ದೋಣಿಗೆ ಮಾತ್ರ ಅಂಥದು ಯಾವುದೂ ಇಲ್ಲ. ಅದು ಸರಿಯಾಗಿ ಕೆಲಸ ಮಾಡುವಷ್ಟು ದಿನವೂ ಅದರ ಕಡೆಗೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ನೋಡುವ ದಿನ ಬಂದಿತೆಂದರೆ ಅದಾಗಲೇ ಕೆಟ್ಟಿದೆ ಎಂದೇ ಅರ್ಥ. ಈ ಹೊತ್ತು ನಾನು ತಮ್ಮೊಡನೆ ಮಾತನಾಡಬೇಕೆಂದಿರುವುದು ಈ ದೋಣಿಯನ್ನು ಕುರಿತು. ಅದರಲ್ಲಿಯೂ ಕರಾವಳಿಯ ಮಳೆಗಾಳಿಗಳ ನಡುವೆ ಅದನ್ನು ಕಾಪಾಡಿಕೊಳ್ಳುವ ಬಗೆಯನ್ನು ಕುರಿತು.

ಹೊಳೆ ದಾಟಿಸುವ ದೋಣಿಗೂ ಸೂರಿನ ದೋಣಿಗೂ ಕನ್ನಡದಲ್ಲಿ ಹೆಸರು ಒಂದೇ. ಎರಡೂ ನಡುವೆ ಟೊಳ್ಳಾದ ಉದ್ದನೆಯ ಪಾತ್ರೆಗಳು. ಒಂದು ನೀರನ್ನು ಹೊರಗಿಟ್ಟು ತಾನು ಸಾಗಬೇಕು. ಇನ್ನೊಂದು ತಾನು ನಿಂತಲ್ಲೇ ನಿಂತು ನೀರನ್ನು ಸಾಗಿಸಬೇಕು. ಹೊಳೆಯ ದೋಣಿಯನ್ನು ನೀರಿಗೆ ಇಳಿಸುವ ಮೊದಲು ಅಂಬಿಗನು ಅದನ್ನು ದಡಕ್ಕೆಳೆದು, ಬಿರುಕು ನೋಡಿ, ಎಣ್ಣೆ ಹಚ್ಚಿ ಸಿದ್ಧಪಡಿಸುತ್ತಾನೆ. ಸೂರಿನ ದೋಣಿಗೆ ಅಂಥ ಅಂಬಿಗನಿಲ್ಲ. ಮನೆಯ ಯಜಮಾನನೇ ಆ ಕೆಲಸವನ್ನು ವಹಿಸಿಕೊಳ್ಳಬೇಕು.

ಕರಾವಳಿಯ ಮಾತು ನಮಗೇಕೆ ಎಂದು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆಯ ಕೇಳುಗರು ಕೇಳಬಹುದು. ಹೊಸ ಅಗ್ರಹಾರದಂಥ ನಮ್ಮ ಊರುಗಳಿಂದ ಸಮುದ್ರ ದೂರ. ನಡುವೆ ಕೊಡಗಿನ ಬೆಟ್ಟಗಳ ಗೋಡೆಯೇ ಇದೆ. ಆದರೆ ನಮ್ಮ ಮನೆಗಳ ಮಕ್ಕಳು ಓದಿಗೆಂದು, ಉದ್ಯೋಗಕ್ಕೆಂದು ಮಂಗಳೂರು, ಸುರತ್ಕಲ್ಲು, ಉಡುಪಿ, ಕಾರವಾರಗಳ ಕಡೆಗೆ ಹೋಗಿ ಅಲ್ಲಿಯೇ ಮನೆ ಮಾಡಿಕೊಳ್ಳುತ್ತಾರೆ. ಬಯಲುಸೀಮೆಯ ಮಳೆಯನ್ನು ಕಂಡ ಕಣ್ಣಿನಿಂದ ಅಲ್ಲಿಯ ಮನೆಗೆ ದೋಣಿ ಕಟ್ಟಿಸುತ್ತಾರೆ. ಇತ್ತ ನಮ್ಮಲ್ಲಿಯೂ ತಾರಸಿ ಮನೆಯ ಮುಂದೆ ಇಳಿಜಾರಾದ ಹೆಂಚಿನ ಮಾಡನ್ನು ಅಂದಕ್ಕೆಂದು ಇಳಿಸುವ ಪದ್ಧತಿ ಬಂದಿದೆ. ಮಾಡಿನೊಡನೆ ದೋಣಿಯೂ ಬಂದಿದೆ. ಇವೆರಡಕ್ಕಿಂತ ದೊಡ್ಡ ಕಾರಣವೊಂದುಂಟು. ದೋಣಿಯಲ್ಲಿ ಇರಬಹುದಾದ ಒಂದೊಂದು ದೋಷವನ್ನೂ ಕರಾವಳಿಯ ಹವೆ ಬೇಗ ಹೊರಗೆಡಹುತ್ತದೆ. ನಮ್ಮಲ್ಲಿ ಹತ್ತು ವರ್ಷಕ್ಕೆ ಕಾಣಿಸಿಕೊಳ್ಳುವ ತುಕ್ಕು ಅಲ್ಲಿ ಕೆಲವೇ ಮಳೆಗಾಲಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ದೋಣಿಯ ಪಾಠ ಕಲಿಯಲು ಕರಾವಳಿಯೇ ಸರಿಯಾದ ಶಾಲೆ.

ಹುಣಸೂರಿನಿಂದ ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿಗಳ ಮೇಲೆ ಸಂಪಾಜೆಯ ಘಟ್ಟವಿಳಿದು, ಸುಳ್ಯ ಪುತ್ತೂರುಗಳನ್ನು ಹಾಯ್ದು ಮಂಗಳೂರಿಗೆ ಹೋಗುವ ದಾರಿಯಲ್ಲಿ ಮನೆಗಳ ಸೂರನ್ನಷ್ಟೇ ನೋಡುತ್ತ ಹೋದರೂ ಮಳೆಯ ಲೆಕ್ಕ ತಿಳಿದುಬಿಡುತ್ತದೆ. ನಮ್ಮ ಕಡೆಯ ನಾಡಹೆಂಚಿನ ಮಾಡು ಮೆಲ್ಲನೆ ಇಳಿಯುತ್ತದೆ; ಸೂರು ಗೋಡೆಯಿಂದ ಹೆಚ್ಚು ಮುಂದಕ್ಕೆ ಚಾಚುವುದಿಲ್ಲ. ಕೊಡಗಿಗೆ ಬಂದರೆ ಮಾಡು ಕಡಿದಾಗುತ್ತದೆ. ಘಟ್ಟದ ಕೆಳಗೆ ಸೂರು ಮುಂದಕ್ಕೆ ಬಂದು, ತಗ್ಗಿ, ಮನೆಯೊಳಗೆ ಹೋಗುವವರು ತಲೆ ಬಾಗಿಸುವಂತೆ ಆಗುತ್ತದೆ. ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರು. ಮಂಗಳೂರಿನಲ್ಲಿ 3,500 ಮಿಲಿಮೀಟರಿಗೂ ಹೆಚ್ಚು. ನಮ್ಮಲ್ಲಿ ಆ ಮಳೆ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಬಿಡುವು ಕೊಟ್ಟು ಕೊಟ್ಟು ಬರುತ್ತದೆ. ಅಲ್ಲಿ ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ.

ಈ ಅಂಕಿಗಳನ್ನು ಒಂದು ಮನೆಗೆ ತಂದು ನೋಡೋಣ. ಒಂದು ಚದರ ಮೀಟರು ಜಾಗದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲದ ಮಾಡೆಂದರೆ 100 ಚದರ ಮೀಟರು. ಅಂಥ ಮಾಡು ನಮ್ಮಲ್ಲಿ ವರ್ಷಕ್ಕೆ 80,000 ಲೀಟರು ನೀರನ್ನು ಇಳಿಸಿದರೆ ಮಂಗಳೂರಿನಲ್ಲಿ ಮೂರೂವರೆ ಲಕ್ಷ ಲೀಟರು ನೀರನ್ನು ಇಳಿಸುತ್ತದೆ. ಆಷಾಢದ ಒಂದು ಜೋರುಮಳೆ ಗಂಟೆಗೆ 50 ಮಿಲಿಮೀಟರಿನಂತೆ ಹೊಡೆಯಿತೆಂದು ಇಟ್ಟುಕೊಳ್ಳಿ. ಆ ಒಂದು ಗಂಟೆಯಲ್ಲಿ ಮಾಡಿನಿಂದ ಇಳಿಯುವ ನೀರು 5,000 ಲೀಟರು; 15 ಲೀಟರಿನ ಕೊಡದಲ್ಲಿ ಅಳೆದರೆ ನಿಮಿಷಕ್ಕೆ ಐದಾರು ಕೊಡ. ಅಂಗಳದಲ್ಲಿ ನಿಂತು ಯಾರಾದರೂ ನಿಮಿಷಕ್ಕೆ ಐದಾರು ಕೊಡದಂತೆ ಗೋಡೆಯ ಬುಡಕ್ಕೆ ನೀರು ಸುರಿಯುತ್ತಿದ್ದರೆ ನಾವು ಸುಮ್ಮನಿರುತ್ತೇವೆಯೆ? ಕೆಟ್ಟ ದೋಣಿ ಮಾಡುವುದು ಅದನ್ನೇ. ಸದ್ದು ಮಳೆಯ ಸದ್ದಿನಲ್ಲಿ ಬೆರೆತುಹೋಗುವುದರಿಂದ ನಮಗೆ ತಿಳಿಯುವುದಿಲ್ಲ.

ಇಷ್ಟು ಮಳೆಯ ನಾಡಿನಲ್ಲಿ ಹಳೆಯ ಮನೆಗಳಿಗೆ ಸಾಮಾನ್ಯವಾಗಿ ಸೂರಿನ ಸುತ್ತಲೂ ದೋಣಿ ಇರಲಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ಮುಳಿಹುಲ್ಲನ್ನೋ ತೆಂಗಿನ ಮಡಲನ್ನೋ ಹೊದಿಸಿದ ಮಾಡಿಗೆ ದೋಣಿ ಕಟ್ಟುವುದು ಸುಲಭವೂ ಅಲ್ಲ. ಅಂದಿನವರು ಸೂರನ್ನೇ ಉದ್ದ ಬಿಟ್ಟರು. ನೀರು ಗೋಡೆಯಿಂದ ದೂರ ಬೀಳುವಂತೆ ಮಾಡಿದರು. ಬಿದ್ದ ನೀರು ನಿಲ್ಲದಂತೆ ಅಂಗಳವನ್ನು ಇಳಿಜಾರಾಗಿಸಿ ತೋಡಿಗೆ ಕೂಡಿಸಿದರು. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ನೋಡಿದವರಿಗೆ ಈ ಮಾತು ಕೂಡಲೇ ಅರ್ಥವಾಗುತ್ತದೆ. ಕಲ್ಲಿನ ಕಟ್ಟಡವಾದರೂ ಅದರ ಮಾಡುಗಳು ಹುಲ್ಲುಮನೆಯ ಮಾಡಿನಂತೆ ಅಂತಸ್ತು ಅಂತಸ್ತಾಗಿ ಇಳಿದು ಮುಂದಕ್ಕೆ ಚಾಚಿಕೊಂಡಿವೆ. ನೀರನ್ನು ಹಿಡಿಯುವ ಗೊಡವೆಗೆ ಹೋಗದೆ ಅದನ್ನು ದೂರ ಎಸೆಯುವ ಉಪಾಯ ಅದು. ದೋಣಿ ಬೇಕಾದಲ್ಲಿ, ಎರಡು ಮಾಡುಗಳು ಕೂಡುವ ಒಳಮೂಲೆಯಲ್ಲಿಯೋ ಬಾವಿಯ ಕಡೆಗೆ ನೀರು ತಿರುಗಿಸುವಲ್ಲಿಯೋ, ಅಡಿಕೆಯ ಮರವನ್ನು ಸೀಳಿ, ತಿರುಳು ತೆಗೆದು ಕಟ್ಟುತ್ತಿದ್ದರು. ಅದಕ್ಕೆ ದಂಬೆಯೆಂದು ಹೆಸರು. ಕೆಲವು ಮಳೆಗಾಲ ಕಳೆದರೆ ದಂಬೆ ಕೊಳೆಯುತ್ತದೆ. ತೋಟದಲ್ಲಿ ಇನ್ನೊಂದು ಮರವಿರುತ್ತದೆ. ಹೊಸ ದಂಬೆ ಏರುತ್ತದೆ. ಕೊಳೆಯುವುದೆಂದು ಮೊದಲೇ ಗೊತ್ತಿದ್ದುದರಿಂದ ಯಾರೂ ಅದನ್ನು ಮರೆಯುತ್ತಿರಲಿಲ್ಲ.

ಬಾಸೆಲ್ ಮಿಶನ್ನಿನವರಾದ ಜಾರ್ಜ್ ಪ್ಲೆಬ್ಸ್ಟ್ ಅವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಒಂದರ ತುಟಿಗೆ ಇನ್ನೊಂದು ಕೂಡಿಕೊಳ್ಳುವ ಆ ಕೆಂಪು ಹೆಂಚು ಕರಾವಳಿಯ ಮಾಡುಗಳನ್ನೆಲ್ಲ ಆವರಿಸಿ, ಘಟ್ಟ ಹತ್ತಿ ನಮ್ಮ ಸೀಮೆಗೂ ಬಂದಿತು. ಹೆಂಚಿನ ಮಾಡಿಗೆ ನೇರವಾದ ಅಂಚುಂಟು; ಅಲ್ಲಿ ದೋಣಿ ಕಟ್ಟಬಹುದು. ಊರುಗಳು ಬೆಳೆದು ಮನೆಗಳು ಒತ್ತಾದ ಮೇಲೆ ಕಟ್ಟಲೇಬೇಕಾಯಿತು. ಸೂರು ಉದ್ದ ಬಿಡಲು ಜಾಗವಿಲ್ಲ. ಬಿಟ್ಟರೆ ನೀರು ನೆರೆಮನೆಯ ಗೋಡೆಗೆ ಬೀಳುತ್ತದೆ. ಸೂರಿನ ನೀರಿನಿಂದ ಮುರಿದ ನೆರೆಹೊರೆಯ ಸ್ನೇಹಗಳು ಎಷ್ಟಿವೆಯೋ! ಹೀಗೆ ಉದ್ದನೆಯ ಸೂರು ಮಾಡುತ್ತಿದ್ದ ಕೆಲಸ ದೋಣಿಯ ಪಾಲಿಗೆ ಬಂದಿತು. ಒಂದು ವ್ಯತ್ಯಾಸ ಮಾತ್ರ ಉಳಿಯಿತು. ಸೂರು ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತಿತ್ತು. ದೋಣಿ ಮಾಡಬೇಕಾದರೆ ಅದಕ್ಕೆ ಮನುಷ್ಯನ ಕೈ ಬೇಕು.

ದೋಣಿ ಕೆಡುವುದು ಯಾವಾಗ ಎಂಬ ಪ್ರಶ್ನೆಗೆ ಎಲ್ಲರೂ ಹೇಳುವ ಉತ್ತರ ಮಳೆಗಾಲದಲ್ಲಿ ಎಂದು. ನನ್ನ ಮಾತಿನ ಮುಖ್ಯ ಅಂಶ ಇಲ್ಲಿಯೇ ಇದೆ: ದೋಣಿ ಕೆಡುವುದು ಬೇಸಗೆಯಲ್ಲಿ; ಕೆಟ್ಟದ್ದು ನಮಗೆ ಕಾಣುವುದು ಮಳೆಗಾಲದಲ್ಲಿ. ಇದು ಹೇಗೆಂಬುದನ್ನು ಮೂರು ಬಗೆಯಲ್ಲಿ ನೋಡಬಹುದು.

ಮೊದಲನೆಯದು ಎಲೆ. ಮಾಗಿಯಿಂದ ಮುಂದಕ್ಕೆ ಮಾವು, ಹಲಸು, ಸಾಗುವಾನಿಗಳ ಎಲೆ ಉದುರುತ್ತದೆ. ತೆಂಗಿನ ಹೂವಿನ ಸಿಪ್ಪೆ ಮತ್ತು ನಾರು ಬೀಳುತ್ತವೆ. ಅದರ ಮೇಲೆ ಹೆಂಚಿನಿಂದ ಸವೆದ ಕೆಂಪುಪುಡಿ, ಕಳೆದ ಮಳೆಯ ಒಣಗಿದ ಹಾವಸೆ, ಹಕ್ಕಿಯ ಹಿಕ್ಕೆ ಸೇರುತ್ತವೆ. ಏಪ್ರಿಲ್ ಮೇ ತಿಂಗಳ ಒಂದೆರಡು ಮಳೆಗೆ ಇದೆಲ್ಲ ನೆನೆದು ಕೂಡಿಕೊಂಡು, ನೀರಿಳಿಯುವ ಕೊಳವೆಯ ಬಾಯಿಗೆ ಬಿರಡೆಯಂತೆ ಕೂರುತ್ತದೆ. ಹಿಕ್ಕೆಯೊಳಗಿನ ಅಶ್ವತ್ಥದ ಬೀಜ ಅಲ್ಲಿಯೇ ಮೊಳೆತು ಸಂದಿನಲ್ಲಿ ಬೇರುಬಿಡುವುದೂ ಉಂಟು. ಜೂನಿನ ಮೊದಲ ಜಡಿಮಳೆಗೆ ದೋಣಿ ತುಂಬುತ್ತದೆ. ಮುಂದಿನ ಅಂಚಿನಿಂದ ಚೆಲ್ಲಿದರೆ ಅಷ್ಟು ಕೇಡಿಲ್ಲ. ಹಿಂದಿನ ಅಂಚನ್ನು ದಾಟಿದ ನೀರು ಸೂರಿನ ಹಲಗೆಯನ್ನು ನೆನೆಸುತ್ತದೆ, ಅಲ್ಲಿಂದ ಪಕ್ಕಾಸುಗಳ ತುದಿಗೆ ಏರುತ್ತದೆ. ನೆನೆದ ಮರಕ್ಕೆ ಒರಲೆ ಬರಲು ಕರೆಯೋಲೆ ಬೇಕಾಗಿಲ್ಲ.

ಎರಡನೆಯದು ಉಪ್ಪು. ಕಡಲ ತೆರೆ ಒಡೆದಾಗ ಏಳುವ ಸೂಕ್ಷ್ಮವಾದ ತುಂತುರು ಗಾಳಿಯೊಡನೆ ಒಳನಾಡಿಗೆ ಬರುತ್ತದೆ. ದಡಕ್ಕೆ ಹತ್ತಿರವಿದ್ದಷ್ಟೂ ಅದರ ಪ್ರಮಾಣ ಹೆಚ್ಚು. ಆ ಉಪ್ಪು ತಗಡಿನ ಮೇಲೆ ಕೂರುತ್ತದೆ. ಉಪ್ಪಿಗೆ ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣವಿದೆ. ಆದ್ದರಿಂದ ಮಳೆಯೇ ಇಲ್ಲದ ಜನವರಿಯ ರಾತ್ರಿಯಲ್ಲಿಯೂ ಉಪ್ಪು ಕೂತ ತಗಡು ಒದ್ದೆಯಾಗಿರುತ್ತದೆ, ತುಕ್ಕು ಹಿಡಿಯುತ್ತಲೇ ಇರುತ್ತದೆ. ಮಳೆಗಾಲ ಬಂದಾಗ ದೋಣಿಯ ಒಳಮೈಯನ್ನು ಮಳೆಯೇ ತೊಳೆಯುತ್ತದೆ. ದೋಣಿಯ ತಳದ ಹೊರಮೈ, ಕ್ಲಾಂಪಿನ ಹಿಂಬದಿ, ಸೂರಿನ ಮರೆಯಲ್ಲಿರುವ ಹಿಂದಿನ ಅಂಚು, ಇವುಗಳಿಗೆ ಮಳೆ ತಾಗುವುದಿಲ್ಲ. ಉಪ್ಪು ಅಲ್ಲಿಯೇ ಉಳಿಯುತ್ತದೆ. ಮಳೆ ತಾಗುವ ಭಾಗಕ್ಕಿಂತ ಮಳೆ ತಾಗದ ಭಾಗ ಬೇಗ ತುಕ್ಕು ಹಿಡಿಯುವುದನ್ನು ಕಂಡು ಆಶ್ಚರ್ಯಪಡುವವರಿಗೆ ಕಾರಣ ಇದು. ಇದರ ಪರಿಹಾರವೂ ಸುಲಭ: ನವೆಂಬರಿನಿಂದ ಮೇ ತಿಂಗಳವರೆಗೆ ಎರಡು ಮೂರು ಸಲ ಬಾವಿಯ ಸಿಹಿನೀರಿನಿಂದ ದೋಣಿಯ ಹೊರಮೈಯನ್ನೂ ತಳವನ್ನೂ ಕ್ಲಾಂಪುಗಳನ್ನೂ ತೊಳೆಯುವುದು.

ಮೂರನೆಯದು ಬಿಸಿಲು. ತುಕ್ಕಿನ ಕಾಟ ಬೇಡವೆಂದು ಇಂದು ಅನೇಕರು ಪಿವಿಸಿ ದೋಣಿಯನ್ನು ಹಾಕಿಸುತ್ತಾರೆ. ಅದಕ್ಕೆ ಉಪ್ಪಿನ ಭಯವಿಲ್ಲ, ಬಿಸಿಲಿನ ಭಯವುಂಟು. ಮೂರು ಮೀಟರಿನ ಒಂದು ತುಂಡು 30 ಡಿಗ್ರಿಯಷ್ಟು ಕಾವು ಏರಿದರೆ ಐದಾರು ಮಿಲಿಮೀಟರು ಉದ್ದವಾಗುತ್ತದೆ; ರಾತ್ರಿ ತಣಿದಾಗ ಮತ್ತೆ ಕುಗ್ಗುತ್ತದೆ. ಜೋಡಣೆಯಲ್ಲಿ ಸರಿದಾಡಲು ಜಾಗ ಬಿಡದೆ ಬಿಗಿದರೆ ಬೇಸಗೆಯ ಮೂರು ತಿಂಗಳಲ್ಲಿ ಆ ಜೋಡಣೆ ತಾನಾಗಿ ಬಿಡುತ್ತದೆ. ವರ್ಷ ಕಳೆದಂತೆ ಬಿಸಿಲಿಗೆ ಪಿವಿಸಿ ಪೆಡಸಾಗಿ, ಒಂದು ತೆಂಗಿನ ಗರಿ ಬಿದ್ದರೆ ಬಿರಿಯುವಂತಾಗುತ್ತದೆ.

ಯಾವುದರ ದೋಣಿ ಉತ್ತಮವೆಂದು ಕೇಳುವವರಿಗೆ ಒಂದೇ ಮಾತಿನ ಉತ್ತರವಿಲ್ಲ. ಸತುವಿನ ಲೇಪವಿರುವ ಕಬ್ಬಿಣದ ತಗಡು, ಕೆಲಸಗಾರರ ಮಾತಿನಲ್ಲಿ ಜಿ.ಐ. ಶೀಟು, ಬಲವಾದದ್ದು. ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಸತುವು ಮುಗಿದ ದಿನ ಕಾವಲು ಮುಗಿಯಿತು. ಕತ್ತರಿಸಿದ ಅಂಚಿನಲ್ಲಿಯೂ ಮೊಳೆ ಹೊಡೆದ ತೂತಿನಲ್ಲಿಯೂ ಅದು ಮೊದಲು ಮುಗಿಯುತ್ತದೆಯಾದ್ದರಿಂದ ಆ ಜಾಗಗಳಿಗೆ ಹಾಕಿದ ದಿನವೇ ಬಣ್ಣ ಬಳಿಯಬೇಕು. ಅಲ್ಯೂಮಿನಿಯಂ ಹಗುರ, ಬಾಳಿಕೆಯದು. ಆದರೆ ಹಸಿ ಸಿಮೆಂಟು ತಾಗಿದರೆ ಅದರ ಮೈ ತಿಂದುಹೋಗುತ್ತದೆ. ತಾಮ್ರ ಬಹುಕಾಲ ಬಾಳುತ್ತದೆ, ಬೆಲೆಯೂ ಹಾಗೆಯೇ. ಕಾಂಕ್ರೀಟಿನ ದೋಣಿಯಲ್ಲಿ ನೀರು ಇಂಗಿ ಒಳಗಿನ ಕಂಬಿಗೆ ಉಪ್ಪು ತಲುಪಿದರೆ ಕಂಬಿ ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಯಾವುದನ್ನೇ ಆರಿಸಿದರೂ ಒಂದು ಎಚ್ಚರ ಎಲ್ಲಕ್ಕೂ ಸಮಾನ: ಬೇರೆ ಬೇರೆ ಲೋಹಗಳನ್ನು ಒಂದಕ್ಕೊಂದು ತಾಗಿಸಬಾರದು. ಉಪ್ಪುನೀರು ಸೇರಿದಾಗ ಎರಡು ಲೋಹಗಳ ನಡುವೆ ವಿದ್ಯುತ್ತು ಹರಿದು ಅವುಗಳಲ್ಲಿ ಒಂದು ಬೇಗನೆ ಸವೆಯುತ್ತದೆ. ತಾಮ್ರದ ಮಾಡಿನ ನೀರನ್ನು ಜಿ.ಐ. ದೋಣಿಗೆ ಇಳಿಸಿದರೂ ಇದೇ ಕಥೆ.

ಇನ್ನು ದೋಣಿಯನ್ನು ಕಟ್ಟುವ ಕ್ರಮ. 20 ಅಡಿ ಉದ್ದಕ್ಕೆ ಒಂದು ಅಂಗುಲಕ್ಕೆ ಕಡಿಮೆಯಿಲ್ಲದ ಇಳುಕಲು ಬೇಕು. ಕರಾವಳಿಯಲ್ಲಿ ಒಂದೂವರೆ ಅಂಗುಲವಾದರೂ ಹೆಚ್ಚಲ್ಲ. 15 ಸೆಂಟಿಮೀಟರು ಅಗಲದ ಅರೆವೃತ್ತದ ದೋಣಿ ತುಂಬಿ ನಿಂತರೆ ಮೀಟರಿಗೆ ಒಂಬತ್ತು ಕಿಲೋಗ್ರಾಮಿನಷ್ಟು ತೂಕ. ಹತ್ತು ಮೀಟರಿನ ದೋಣಿಯಲ್ಲಿ ಒಬ್ಬ ಮನುಷ್ಯನ ತೂಕಕ್ಕಿಂತ ಹೆಚ್ಚು ನೀರು. ಕ್ಲಾಂಪುಗಳು ದೂರದೂರವಿದ್ದರೆ ನಡುವೆ ದೋಣಿ ಜಗ್ಗುತ್ತದೆ. ಜಗ್ಗಿದಲ್ಲಿ ನೀರು ನಿಲ್ಲುತ್ತದೆ. ನಿಂತ ನೀರಿನ ಭಾರಕ್ಕೆ ಇನ್ನಷ್ಟು ಜಗ್ಗುತ್ತದೆ. ಎರಡಡಿಗೊಂದು ಕ್ಲಾಂಪಿದ್ದರೆ ಈ ತೊಂದರೆ ಬಾರದು. ಕೊಳವೆಯ ಬಾಯಿಗೆ ಚಪ್ಪಟೆಯಾದ ಜಾಲರಿ ಹಾಕಿದರೆ ನಾಲ್ಕು ಎಲೆಗಳೇ ಅದನ್ನು ಮುಚ್ಚಿಬಿಡುತ್ತವೆ. ಗುಮ್ಮಟದಂತೆ ಮೇಲಕ್ಕೆ ಉಬ್ಬಿದ ಜಾಲರಿ ಬೇಕು. ಬುಡದಲ್ಲಿ ಎಲೆ ಸೇರಿದರೂ ಮೇಲಿನಿಂದ ನೀರು ಇಳಿಯುತ್ತದೆ. ಎಲ್ಲ ಮುಗಿದ ಮೇಲೆ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಎತ್ತರದ ತುದಿಯಲ್ಲಿ ಒಂದು ಕೊಡ ನೀರು ಹೊಯ್ದು ನೋಡಿದರೆ ಅದು ಎಲ್ಲಿ ತಡೆಯುತ್ತದೆ, ಎಲ್ಲಿ ತೊಟ್ಟಿಕ್ಕುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಕಣ್ಣಿಗೆ ಕಾಣುತ್ತದೆ.

ಕೊಳವೆಯಿಂದ ಕೆಳಗಿಳಿದ ನೀರು ಎಲ್ಲಿಗೆ ಹೋಗಬೇಕು? ಗೋಡೆಯ ಬುಡಕ್ಕಂತೂ ಅಲ್ಲ. ಕರಾವಳಿಯ ಮನೆಯಂಗಳದಲ್ಲಿ ಸಾಮಾನ್ಯವಾಗಿ ಒಂದು ತೆರೆದ ಬಾವಿಯಿರುತ್ತದೆ. ಕಡಲಿಗೆ ಹತ್ತಿರದ ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಕಡಲಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತರೆ ಅದರ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರಿರಬಲ್ಲದೆಂಬುದು ಭೂಜಲಶಾಸ್ತ್ರದ ಲೆಕ್ಕ. ಮೇಲಿನ ಅಡಿ ಕಡಿಮೆಯಾದರೆ ಕೆಳಗಿನಿಂದ ಉಪ್ಪು ಮೇಲೇರುತ್ತದೆ. ಬೇಸಗೆಯಲ್ಲಿ ಬಾವಿ ಸವುಳಾಗುತ್ತದೆ. ಮೊದಲ ಕೆಲವು ಮಳೆಗಳ ಕೊಳೆಯನ್ನು ಹೊರಗೆ ಬಿಟ್ಟು, ಆಮೇಲಿನ ನೀರನ್ನು ಜಲ್ಲಿ ಮರಳುಗಳಲ್ಲಿ ಸೋಸಿ ಬಾವಿಗಿಳಿಸಿದರೆ ಸೂರಿನ ನೀರು ಆ ಉಪ್ಪನ್ನು ದೂರವಿಡಲು ನೆರವಾಗುತ್ತದೆ. ಪುತ್ತೂರಿನಿಂದ 1988ರಲ್ಲಿ ಹೊರಡತೊಡಗಿದ ಅಡಿಕೆ ಪತ್ರಿಕೆಯ ಮೂಲಕ ಶ್ರೀ ಪಡ್ರೆಯವರು ನೆಲ ಜಲಗಳ ಈ ವಿಚಾರವನ್ನು ಕೃಷಿಕರ ಮನೆಮನೆಗೆ ಮುಟ್ಟಿಸಿದ್ದಾರೆ. ಆದರೆ ಕೊಳೆತ ದೋಣಿಯಿಂದ ಬಾವಿಗಿಳಿಯುವುದು ಕೊಳೆತ ನೀರೇ. ಬಾವಿಯ ಆರೋಗ್ಯ ದೋಣಿಯ ಬಾಯಿಯಿಂದ ಆರಂಭವಾಗುತ್ತದೆ.

ಮನುಷ್ಯರ ಆರೋಗ್ಯವೂ ಅಷ್ಟೆ. ಮಂಗಳೂರು 1990ರ ದಶಕದಿಂದ ಬಹುಕಾಲ ಮಲೇರಿಯಾದ ಕಾಟವನ್ನು ಅನುಭವಿಸಿತು. 2019ರ ಮಳೆಗಾಲದಲ್ಲಿ ಅಲ್ಲಿ ಡೆಂಗಿ ಜ್ವರ ಹರಡಿತು. ಈ ಜ್ವರಗಳನ್ನು ತರುವ ಸೊಳ್ಳೆಗಳಿಗೆ ಕೆರೆಯೇ ಬೇಕಾಗಿಲ್ಲ. ಜಗ್ಗಿದ ದೋಣಿಯಲ್ಲಿ ನಿಂತ ಬೊಗಸೆ ನೀರು ಸಾಕು. ಡೆಂಗಿಯ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಏಳರಿಂದ ಹತ್ತು ದಿನ ಹಿಡಿಯುತ್ತದೆ. ಇನ್ನೊಂದು ವಿಷಯ ಹೆಚ್ಚಿನವರಿಗೆ ತಿಳಿಯದು. ನೀರಿನಂಚಿಗೆ ಅಂಟಿಸಿದ ಅದರ ಮೊಟ್ಟೆಗಳು ನೀರು ಒಣಗಿದ ಮೇಲೂ ತಿಂಗಳುಗಟ್ಟಲೆ ಸಾಯದೆ ಉಳಿಯುತ್ತವೆ. ಮುಂದಿನ ಮಳೆಯ ನೀರು ತಾಗಿದ ಕೂಡಲೆ ಒಡೆಯುತ್ತವೆ. ಆದ್ದರಿಂದ ಬೇಸಗೆಯಲ್ಲಿ ಒಣಗಿ ಸ್ವಚ್ಛವಾಗಿ ಕಾಣುವ ದೋಣಿ ಸ್ವಚ್ಛವಾಗಿಯೇ ಇದೆಯೆಂದು ನಂಬುವಂತಿಲ್ಲ. ಕಸವನ್ನು ಬಾಚಿದರೆ ಸಾಲದು. ಗಡುಸಾದ ಪೊರಕೆಯಿಂದ ಒಳಮೈಯನ್ನು ಉಜ್ಜಿ ತೊಳೆಯಬೇಕು.

ಇದಕ್ಕೆಲ್ಲ ಎಷ್ಟು ಹೊತ್ತು ಬೇಕು? ವರ್ಷಕ್ಕೆ ಮೂರು ಬೆಳಗು. ದೀಪಾವಳಿ ಕಳೆದು ಮಳೆ ಹಿಂದೆಗೆದ ಮೇಲೆ ಒಂದು: ಕಸ ತೆಗೆದು, ಒಣಗಿಸಿ, ತುಕ್ಕು ಕಂಡಲ್ಲಿ ಕೆರೆದು ಬಣ್ಣ ಬಳಿಯಲು. ಎಲೆಯುದುರು ಮುಗಿದ ಮಾರ್ಚಿನಲ್ಲಿ ಇನ್ನೊಂದು: ಎಲೆ ಬಾಚಿ, ಉಪ್ಪು ತೊಳೆಯಲು. ಮೂರನೆಯದು ಪತ್ತನಾಜೆಯ ಒಳಗೆ. ತುಳುನಾಡಿನ ಲೆಕ್ಕದಲ್ಲಿ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ ಬರುವ ಪತ್ತನಾಜೆಯಂದು ಭೂತಗಳ ಕೋಲ ನೇಮಗಳು ನಿಲ್ಲುತ್ತವೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಇನ್ನು ಮುಂದೆ ಹೊರಗಿನ ಕೆಲಸ ಸಾಲದು, ಮಳೆ ಬರುತ್ತದೆ ಎಂದು ಸಾರುವ ದಿನ ಅದು. ಮೃಗಶಿರ ಹೊಡೆಯುವ ಮೊದಲು ಎರಡು ವಾರ ಕೈಯಲ್ಲಿರುತ್ತದೆ. ಏನಾದರೂ ಒಡೆದಿದ್ದರೆ ಕೆಲಸಗಾರನನ್ನು ಹುಡುಕಿ ಸರಿಪಡಿಸಲು ಅಷ್ಟು ಕಾಲ ಸಾಕು. ಮಳೆಗಾಲದಲ್ಲಿ ದೋಣಿಗೆ ಕೈಹಚ್ಚದೆ ಅಂಗಳದಿಂದಲೇ ನೋಡಬೇಕು. ಗೋಡೆಯ ಮೇಲೆ ಹಸುರು ಗೆರೆ, ನೆಲದಲ್ಲಿ ಹನಿ ಕೊರೆದ ಸಾಲುಗುಳಿ, ಸೂರಿನಲ್ಲಿ ತಲೆಯೆತ್ತಿದ ಒಂದು ಗಿಡ, ಇವು ಮೂರೂ ದೋಣಿ ನಮಗೆ ಬರೆಯುವ ಕಾಗದಗಳು.

ಹತ್ತುವ ವಿಚಾರವಾಗಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಾವಸೆ ಕಟ್ಟಿದ ಹೆಂಚು ಜಾರುತ್ತದೆ. ಹಳೆಯ ಹೆಂಚು ಕಾಲಡಿಯಲ್ಲಿ ಒಡೆಯುತ್ತದೆ. ಏಣಿಯನ್ನು ದೋಣಿಗೆ ಒರಗಿಸಬಾರದು, ಗೋಡೆಗೆ ಒರಗಿಸಬೇಕು. ಕೆಳಗೆ ಏಣಿ ಹಿಡಿಯಲು ಇನ್ನೊಬ್ಬರು ಇಲ್ಲದೆ ಹತ್ತಲೇಬಾರದು. ಅಲ್ಯೂಮಿನಿಯಂ ಏಣಿಯನ್ನೋ ಕೋಲನ್ನೋ ಎತ್ತುವ ಮೊದಲು ತಲೆಯ ಮೇಲೆ ವಿದ್ಯುತ್ತಿನ ತಂತಿಯಿದೆಯೇ ಎಂದು ನೋಡಬೇಕು. ಸುರಿಯುವ ಮಳೆಯಲ್ಲಿ ಕೊಳವೆಯ ಬಾಯಿ ಬಿಡಿಸಲೆಂದು ಅವಸರದಿಂದ ಹತ್ತಿ ಬಿದ್ದವರಿದ್ದಾರೆ. ಬೇಸಗೆಯ ಒಂದು ಬೆಳಗನ್ನು ಕೊಟ್ಟಿದ್ದರೆ ಆ ಅವಸರ ಬರುತ್ತಲೇ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಉಳಿಯುವ ಪ್ರಶ್ನೆ ಹತ್ತುವವರು ಯಾರು ಎಂಬುದು. ಕರಾವಳಿಯ ಅನೇಕ ಹಂಚಿನ ಮನೆಗಳಲ್ಲಿ ಇಂದು ಇರುವವರು ವಯಸ್ಸಾದವರು ಮಾತ್ರ. ಮಕ್ಕಳು ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಕೊಲ್ಲಿಯ ನಾಡುಗಳಲ್ಲಿಯೋ ಇದ್ದಾರೆ. ಮೊದಲು ತೆಂಗು ಅಡಿಕೆ ಹತ್ತುವವರು ಮಾಡನ್ನೂ ಒಮ್ಮೆ ನೋಡಿ ಇಳಿಯುತ್ತಿದ್ದರು. ಈಗ ಅವರು ಸಿಗುವುದೇ ಅಪರೂಪ. ಅಂಥ ಮನೆ ಬೀಳುವ ಬಗೆಯನ್ನು ಕೇಳಿ. ಮೊದಲ ವರ್ಷ ಒಂದು ಮೂಲೆಯಲ್ಲಿ ದೋಣಿ ಕಟ್ಟುತ್ತದೆ. ಎರಡನೆಯ ವರ್ಷ ಅಲ್ಲಿಯ ಸೂರುಹಲಗೆ ಕಪ್ಪಾಗುತ್ತದೆ. ಮುಂದೆ ಪಕ್ಕಾಸಿನ ತುದಿ ಕೊಳೆತು ರೀಪು ಜಗ್ಗಿ ನಾಲ್ಕು ಹೆಂಚು ಜಾರುತ್ತವೆ. ಆ ಕಂಡಿಯಿಂದ ನೀರು ಗೋಡೆಯ ತಲೆಗೆ ಬೀಳುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಮುರಕಲ್ಲಿನ ಗೋಡೆ ಮೇಲಿನಿಂದ ಇಳಿದ ನೀರನ್ನು ಹೆಚ್ಚು ಕಾಲ ತಾಳಲಾರದು. ಒಳಗೆ ಒಬ್ಬ ಮುದುಕಿ ಪಾತ್ರೆಗಳನ್ನು ಒಂದೊಂದಾಗಿ ಸೋರುವ ಜಾಗಕ್ಕೆ ಇಡುತ್ತ ರಾತ್ರಿ ಕಳೆಯುತ್ತಾಳೆ; ದೂರದಲ್ಲಿರುವ ಮಗನು ಫೋನಿನಲ್ಲಿ ಮಳೆ ಹೇಗಿದೆ ಎಂದರೆ ಚೆನ್ನಾಗಿದೆ ಎನ್ನುತ್ತಾಳೆ. ನೂರು ವರ್ಷ ನಿಂತ ಮನೆ ಹತ್ತು ವರ್ಷದಲ್ಲಿ ಕುಸಿಯುವುದು ಹೀಗೆ. ಅದರ ಆರಂಭದಲ್ಲಿದ್ದುದು ಒಂದು ಹಿಡಿ ಮಾವಿನೆಲೆ.

ಮೇ ತಿಂಗಳ ರಜೆಯಲ್ಲಿ ಮಕ್ಕಳು ಊರಿಗೆ ಬರುತ್ತಾರೆ. ಹಲಸಿನ ಹಪ್ಪಳ, ಮಾವಿನ ಉಪ್ಪಿನಕಾಯಿಗಳನ್ನು ಕಟ್ಟಿಕೊಂಡು ಹಿಂದಿರುಗುತ್ತಾರೆ. ಹೊರಡುವ ಮೊದಲು ಒಂದು ಬೆಳಗು ಏಣಿಯಿಟ್ಟು, ಇನ್ನೊಬ್ಬರ ಕೈಯಲ್ಲಿ ಅದನ್ನು ಹಿಡಿಸಿ, ಕೊಳವೆಯ ಬಾಯಿಯನ್ನು ಬಿಡಿಸಿ ಒಂದು ಕೊಡ ನೀರು ಹೊಯ್ದು ಹೋದರೆ ಆ ವರ್ಷದ ಮಳೆಗಾಲವನ್ನು ತಾಯಿತಂದೆಗಳಿಗೆ ಸುಖವಾಗಿ ಕೊಟ್ಟಂತೆ. ಏರಲಾರದವರು ನಾಲ್ಕು ಮನೆಯವರು ಕೂಡಿ ಒಬ್ಬ ಕೆಲಸಗಾರನನ್ನು ಒಂದು ದಿನಕ್ಕೆ ಕರೆಸಬಹುದು. ಊರಿನ ದೇವರ ಕಾರ್ಯಕ್ಕೆ ಕೂಡುವ ಕೈಗಳು ಇದಕ್ಕೂ ಕೂಡಬಾರದೇಕೆ?

ನಮ್ಮ ಸೀಮೆಯ ತೊಟ್ಟಿಮನೆಗಳಲ್ಲಿ ಈ ಕ್ರಮ ಒಂದು ಬಗೆಯಲ್ಲಿ ಇದ್ದೇ ಇತ್ತು. ಮುಂಗಾರಿಗೆ ಮೊದಲು ಹೆಂಚು ಕೈಯಾಡಿಸುವುದು ಎಂಬ ಮಾತೇ ನಮ್ಮಲ್ಲುಂಟು. ಒಡೆದ ನಾಡಹೆಂಚನ್ನು ತೆಗೆದು ಹೊಸದಿಡುವಾಗ ನಾಲ್ಕು ಮೂಲೆಯ ತಗಡಿನ ದೋಣಿಗಳನ್ನೂ ಬಳಿದು ಚೊಕ್ಕಟ ಮಾಡುತ್ತಿದ್ದರು. ಆ ದೋಣಿಯಿಂದ ತೊಟ್ಟಿಗೆ ಧುಮುಕುವ ನೀರಿಗೆ ಹಂಡೆಯಿಟ್ಟು ಹಿಡಿದು ಬೇಳೆ ಬೇಯಿಸಿದರೆ ಬೇಳೆ ಬೆಣ್ಣೆಯಂತೆ ಬೇಯುವುದೆಂದು ಮನೆಯ ಹೆಂಗಸರಿಗೆ ಗೊತ್ತಿತ್ತು. ಮಳೆಯ ನೀರು ಮೆದುನೀರು, ಅದರಲ್ಲಿ ಸುಣ್ಣದ ಅಂಶವಿಲ್ಲ. ತೊಟ್ಟಿಮನೆಗಳು ಕಡಿಮೆಯಾದವು, ಕೈಯಾಡಿಸುವ ಪದ್ಧತಿಯೂ ಅವುಗಳೊಡನೆ ಹೋಯಿತು. ತಾರಸಿಯ ಮೂಲೆಯ ಕೊಳವೆಗೂ ಅಂದದ ಮಾಡಿನ ದೋಣಿಗೂ ಆ ಪದ್ಧತಿ ಇಂದಿಗೂ ಬೇಕು. ನಮ್ಮಲ್ಲಿ ಮಳೆ ಕಡಿಮೆಯೆಂದು ಹಗುರವಾಗಿ ಎಣಿಸಬಾರದು. ಕಡಿಮೆ ಮಳೆಯ ಸೀಮೆಯಲ್ಲಿ ಒಂದೊಂದು ಹನಿಗೂ ಬೆಲೆ ಹೆಚ್ಚು.

ಹೊಸ ಮನೆಗೆ ದೋಣಿ ಕಟ್ಟಿಸುವವರು ತಗಡಿನ ಬೆಲೆಯನ್ನು ಕೇಳುತ್ತಾರೆ, ಕೂಲಿಯನ್ನು ಕೇಳುತ್ತಾರೆ. ವರ್ಷಕ್ಕೆ ಮೂರು ಬೆಳಗು ಇದಕ್ಕೆ ಕೊಡುವವರು ನಮ್ಮ ಮನೆಯಲ್ಲಿ ಯಾರು ಎಂಬುದನ್ನೂ ಆಗಲೇ ಕೇಳಿಕೊಳ್ಳುವುದು ಒಳ್ಳೆಯದು. ಅದಕ್ಕೆ ಉತ್ತರವಿಲ್ಲದಿದ್ದರೆ, ಜಾಗವಿದ್ದ ಮಟ್ಟಿಗೆ ಹಳೆಯವರಂತೆ ಸೂರನ್ನು ಉದ್ದ ಬಿಟ್ಟು ನೀರನ್ನು ದೂರ ಬೀಳಗೊಡುವುದೇ ಮೇಲು. ಉತ್ತರವಿದ್ದರೆ ಯಾವ ತಗಡಿನ ದೋಣಿಯಾದರೂ ತನ್ನ ಕೆಲಸ ಮಾಡುತ್ತದೆ. ತಾವು ಈ ವರ್ಷದ ಮಳೆಗೆ ಮೊದಲು ಒಮ್ಮೆ ಸೂರಿನ ಕಡೆ ತಲೆಯೆತ್ತಿ ನೋಡಬೇಕೆಂದು ಕೋರುತ್ತೇನೆ.